ದಪ್ಪ ಹುಡುಗನೂ ನನ್ನ ಸೀಟಿಯೂ

ಹೋದ ವರ್ಷ ಡಿಸೆಂಬರಿನಲ್ಲಿ ನಮ್ಮ ದಾವಣಗೆರೆಯ ಒಂದು ವಿದ್ಯಾಸಂಸ್ಥೆಯವರು ನನ್ನಂಥ ನಾಲ್ಕು ಜನ ನಿವೃತ್ತ ಮಾಸ್ತರುಗಳನ್ನು ಕರೆದು, ಕೊರಳಿಗೆ ಹಾವೇರಿಯ ಏಲಕ್ಕಿ ಹಾರ ಹಾಕಿ, ಶಾಲು ಹೊದಿಸಿ, ಒಂದೊಂದು ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಸನ್ಮಾನ ನಡೆದದ್ದು ಅವರ ಹೊಸ ಸಭಾಂಗಣದಲ್ಲಿ. ಎಂಟುನೂರು ಕುರ್ಚಿ, ಮೇಲೆ ಹವಾನಿಯಂತ್ರಣ. ನಾನು ಕೂತಿದ್ದ ಮೂರನೇ ಸಾಲು ಇದ್ದದ್ದು, ನನ್ನ ಲೆಕ್ಕ ತಪ್ಪದಿದ್ದರೆ, ಹಳೆಯ ವಾಲಿಬಾಲ್ ಕೋರ್ಟಿನ ನೆಟ್ ಕಟ್ಟುತ್ತಿದ್ದ ಜಾಗದಲ್ಲಿ. ಆ ಕೋರ್ಟಿಗೆ ಸುಣ್ಣದ ಗೆರೆ ಎಳೆದವನು ನಾನೇ ಆದ್ದರಿಂದ ಲೆಕ್ಕ ತಪ್ಪಿರಲಾರದು.

ಅಧ್ಯಕ್ಷ ಭಾಷಣ ಮಾಡಿದವರು ಒಳ್ಳೆಯ ಮಾತುಗಾರರು. ಯುವಜನರ ಆರೋಗ್ಯದ ಬಗ್ಗೆ ಮಾತೆತ್ತಿದರು. 'ಈಗಿನ ಹುಡುಗರನ್ನು ನೋಡಿ. ಹದಿನಾರು ವರ್ಷಕ್ಕೆ ಹೊಟ್ಟೆ, ಹದಿನೇಳಕ್ಕೆ ಬೆನ್ನುನೋವು. ಕಾರಣ ಏನು? ನಾಲಿಗೆಯ ಮೇಲೆ ಹಿಡಿತವಿಲ್ಲ. ಮೈಗಳ್ಳತನ. ಮೊಬೈಲು. ನಮ್ಮ ಕಾಲದಲ್ಲಿ ನಾವು ಹೇಗಿದ್ದೆವು!' ಸಭೆ ಚಪ್ಪಾಳೆ ತಟ್ಟಿತು. ನಾನೂ ಒಂದೆರಡು ತಟ್ಟಿದೆ, ಅಭ್ಯಾಸಬಲ. ಆಮೇಲೆ ಕೈ ನಿಂತಿತು. ಎರಡು ಸಾಲು ಹಿಂದೆ ಒಬ್ಬ ಹುಡುಗ, ಆ ಕಾಲೇಜಿನದೇ ಟೈ ಕಟ್ಟಿಕೊಂಡವನು, ಕುರ್ಚಿಯ ಎರಡು ಕೈಗಳ ನಡುವೆ ಕಷ್ಟಪಟ್ಟು ಹಿಡಿಸಿಕೊಂಡು ತಲೆ ತಗ್ಗಿಸಿ ಕೂತಿದ್ದ. ಅವನ ಪಕ್ಕದವರು ಅವನನ್ನೇ ನೋಡಿ ಮುಸಿಮುಸಿ ನಗುತ್ತಿದ್ದರು. ಎದ್ದು ನಿಂತು, 'ಸ್ವಾಮಿ, ಈ ಹುಡುಗ ಓಡಬೇಕಾಗಿದ್ದ ಜಾಗದ ಮೇಲೆಯೇ ನಿಂತು ತಾವು ಭಾಷಣ ಮಾಡುತ್ತಿದ್ದೀರಿ' ಎಂದು ಹೇಳಬೇಕಿತ್ತು. ಹೇಳಲಿಲ್ಲ. ಕೊರಳಲ್ಲಿ ಏಲಕ್ಕಿ ಹಾರವಿತ್ತಲ್ಲ! ಅಲ್ಲಿ ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂವತ್ತಮೂರು ವರ್ಷ ನಾನು ಡ್ರಿಲ್ ಮಾಸ್ತರನಾಗಿದ್ದೆ. ದೈಹಿಕ ಶಿಕ್ಷಣ ಶಿಕ್ಷಕ ಎಂದು ಸರ್ಕಾರ ಕರೆಯುತ್ತದೆ. ಹುಡುಗರು ಕರೆಯುವುದು ಪಿ.ಟಿ. ಸಾರ್ ಎಂದು. 2014ರಲ್ಲಿ ನಿವೃತ್ತನಾದೆ. ಕೊರಳಿಗೆ ಸೀಟಿ ಕಟ್ಟಿಕೊಂಡು ಸಾವಿರಾರು ಹುಡುಗರನ್ನು ಓಡಿಸಿದ್ದೇನೆ. ಆದ್ದರಿಂದ ಹುಡುಗರ ಮೈಯ ಬಗ್ಗೆ ಮಾತಾಡಲು ನನಗೆ ಸ್ವಲ್ಪ ಅಧಿಕಾರವಿದೆ ಎಂದುಕೊಂಡಿದ್ದೇನೆ. ಅಧಿಕಾರಕ್ಕಿಂತ ಹೆಚ್ಚಾಗಿ ಒಂದು ಸಾಲವಿದೆ.

ನಮ್ಮ ಜಿಲ್ಲೆ ಚಿತ್ರದುರ್ಗದಿಂದ ಬೇರೆಯಾದ ವರ್ಷ, 1997. ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬರೆಯುವುದಿಲ್ಲ, ಬದುಕಿದ್ದಾನೆ, ಸಂಸಾರಸ್ಥ. ಆ ಕಾಲಕ್ಕೆ ತರಗತಿಗೆ ಒಬ್ಬನೋ ಇಬ್ಬರೋ ದಪ್ಪ ಹುಡುಗರು. ಉಳಿದವರ ಪಕ್ಕೆಲುಬು ಎಣಿಸಬಹುದಿತ್ತು. ನಾನು ಅವನಿಗೆ 'ಡ್ರಮ್ಮು' ಎಂದು ಹೆಸರಿಟ್ಟಿದ್ದೆ. ಇಟ್ಟವನು ಮಾಸ್ತರ ಎಂದ ಮೇಲೆ ಕೇಳಬೇಕೆ, ಇಡೀ ಶಾಲೆ ಕರೆಯಿತು. ಅವನೂ ನಗುತ್ತಿದ್ದ. ದಪ್ಪ ಹುಡುಗರು ನಗುವುದನ್ನು ಬೇಗ ಕಲಿಯುತ್ತಾರೆ. ಅದು ಸಂತೋಷದ ನಗುವಲ್ಲ, ಮುಂದಿನ ಏಟನ್ನು ತಡೆಯುವ ಗುರಾಣಿ ಎಂದು ತಿಳಿಯುವಷ್ಟು ಬುದ್ಧಿ ನನಗಾಗ ಇರಲಿಲ್ಲ.

ದೀಪಾವಳಿ ರಜೆ ಮುಗಿದ ಮೇಲೆ ಅವನು ಕುಂಟತೊಡಗಿದ. 'ಸಾರ್, ಮೊಣಕಾಲು ನೋಯ್ತತಿ' ಎಂದ. ಮೊಣಕಾಲು ಮುಟ್ಟಿ ನೋಡಿದೆ. ಊತವಿಲ್ಲ, ಗಾಯವಿಲ್ಲ. 'ನೋಯ್ತಿರೋದು ಮೊಣಕಾಲಲ್ಲೋ, ಮನಸ್ಸು' ಎಂದೆ. ಎಲ್ಲರೂ ನಕ್ಕರು. ಮೂರು ಸುತ್ತು ಹೆಚ್ಚಿಗೆ ಓಡಿಸಿದೆ. ಓಡುವಾಗ ಅವನ ಬಲಪಾದ ಹೊರಕ್ಕೆ ತಿರುಗಿಕೊಳ್ಳುತ್ತಿತ್ತು. ನೋಡಿದ್ದೆ. ನಾಟಕ ಎಂದುಕೊಂಡೆ. ಹೀಗೆ ಹತ್ತಿರ ಹತ್ತಿರ ಎರಡು ತಿಂಗಳು. ಒಂದು ದಿನ ಅವನು ಮನೆಯ ಮೆಟ್ಟಿಲಲ್ಲಿ ಬಿದ್ದ, ಏಳಲಾಗಲಿಲ್ಲ. ಆಸ್ಪತ್ರೆಯಲ್ಲಿ ಮೊಣಕಾಲನ್ನು ಬಿಟ್ಟು ಸೊಂಟದ ಕೀಲಿನ ಚಿತ್ರ ತೆಗೆಸಿದರು. ನಾನು ನೋಡಲು ಹೋಗಿದ್ದಾಗ ಆ ಡಾಕ್ಟರು ಚಿತ್ರವನ್ನು ಕಿಟಕಿಗೆ ಹಿಡಿದು ತೋರಿಸಿದರು. ತೊಡೆಮೂಳೆಗೆ ಮೇಲೊಂದು ಗುಂಡು ತಲೆಯಿದೆ. ಬೆಳೆಯುವ ವಯಸ್ಸಿನಲ್ಲಿ ಆ ತಲೆಗೂ ಕೆಳಗಿನ ಕತ್ತಿಗೂ ನಡುವೆ ಮೆತ್ತನೆಯ ಬೆಳವಣಿಗೆಯ ಪದರವಿರುತ್ತದೆ. ಮೈಭಾರ ಹೆಚ್ಚಾದ ಹುಡುಗರಲ್ಲಿ ಕೆಲವೊಮ್ಮೆ ಆ ಜಾಗದಲ್ಲಿ ಜಾರಿಬಿಡುತ್ತದೆ, ಕೋನಿನ ಮೇಲಿನ ಐಸ್‌ಕ್ರೀಮು ಜಾರಿದಂತೆ. ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ. ನೋವು ಸೊಂಟದಲ್ಲಿ ಹುಟ್ಟಿದರೂ ಎಷ್ಟೋ ಸಲ ಕಾಣಿಸಿಕೊಳ್ಳುವುದು ಮೊಣಕಾಲಿನಲ್ಲಿ. ಮೊದಲೇ ಹಿಡಿದು ಒಂದು ಸ್ಕ್ರೂ ಹಾಕಿದರೆ ಹೆಚ್ಚಿನ ತೊಂದರೆಯಿಲ್ಲ. ಓಡಿಸಿದರೆ ಮಾತ್ರ ಕೆಡುತ್ತದೆ. 'ಯಾರಾದ್ರೂ ಓಡಿಸಿದ್ರೇನ್ರೀ?' ಎಂದು ಡಾಕ್ಟರು ಅವನ ಅಪ್ಪನನ್ನು ಕೇಳಿದರು. ಹುಡುಗ ಮಂಚದ ಮೇಲಿಂದ ನನ್ನನ್ನು ನೋಡಿದ. 'ಇಲ್ಲ ಸಾರ್, ನಾನೇ ಆಟ ಆಡ್ತಿದ್ದೆ' ಎಂದ.

ಅವನ ಬಲಗಾಲು ಈಗಲೂ ಒಂದಿಷ್ಟು ಗಿಡ್ಡ. ನನ್ನ ನಿವೃತ್ತಿಯ ಸಮಾರಂಭಕ್ಕೆ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ಬಗ್ಗುವುದಕ್ಕೆ ಅವನಿಗೆ ಕಷ್ಟವಾಗುತ್ತಿತ್ತು.

ಇಷ್ಟು ಹೇಳಿಕೊಂಡ ಮೇಲೆ, ದಪ್ಪ ಹುಡುಗರನ್ನು ಹೀಯಾಳಿಸಿದರೆ ಛಲ ಬಂದು ಸಣ್ಣಗಾಗುತ್ತಾರೆ ಎಂದು ನಂಬಿರುವ ಅಪ್ಪ, ಚಿಕ್ಕಪ್ಪ, ಮಾಸ್ತರುಗಳಿಗೆ ನಾನು ನೇರವಾಗಿ ಹೇಳಬಹುದು: ಆಗುವುದಿಲ್ಲ. ಮೂವತ್ತಮೂರು ವರ್ಷದಲ್ಲಿ ನನ್ನ ಬೈಗುಳಕ್ಕೆ ಒಬ್ಬನೇ ಒಬ್ಬ ಹುಡುಗ ಸಣ್ಣಗಾದದ್ದನ್ನು ನಾನು ಕಾಣಲಿಲ್ಲ. ಆದದ್ದು ಏನೆಂದರೆ ಅವರು ಮೈದಾನಕ್ಕೆ ಬರುವುದನ್ನು ಬಿಟ್ಟರು. ಕಬಡ್ಡಿಗೆ ಅಂಗಿ ಬಿಚ್ಚಬೇಕು. ದಪ್ಪ ಹುಡುಗನಿಗೆ ಎದೆಯ ಮೇಲೆ ಕೊಬ್ಬು ಸೇರಿ ಹೆಂಗಸರಂತೆ ಕಾಣುತ್ತದೆ ಎಂಬ ನಾಚಿಕೆ. ಅದನ್ನು ತಾಯಿಯ ಹತ್ತಿರವೂ ಹೇಳಲಾರ, ತಂದೆಯ ಹತ್ತಿರವೂ ಹೇಳಲಾರ. ಹೊಟ್ಟೆನೋವು ಎಂದು ಚೀಟಿ ತಂದು ಮರದ ಕೆಳಗೆ ಕೂರುತ್ತಾನೆ. ಅವನು ಕೂತದ್ದನ್ನೇ ತೋರಿಸಿ ನಾವು 'ನೋಡಿ, ಸೋಮಾರಿ' ಎನ್ನುತ್ತೇವೆ. ಓಡಲು ಬಂದವನನ್ನು ಓಡಿಸಿಬಿಟ್ಟವರು ನಾವು.

ಈಗ ಎರಡನೆಯ ಮಾತು. ಇದು ನನ್ನ ಮನೆಯದು.

2023ರಲ್ಲಿ ನನ್ನ ಮೊಮ್ಮಗ ಪಿಯುಸಿ ಮೊದಲ ವರ್ಷ ಮುಗಿಸಿ ರಜಕ್ಕೆ ಬಂದ. ಹೋಗುವಾಗ 74 ಕಿಲೋ, ಬರುವಾಗ 89. ನನ್ನ ಹೆಂಡತಿಗೆ ಮೊದಲು ಕಂಡದ್ದು ತೂಕವಲ್ಲ, ಕುತ್ತಿಗೆ. ಹಿಂಭಾಗದಲ್ಲಿ ಮಡಿಕೆಗಳ ನಡುವೆ ಮಖಮಲ್ಲಿನ ಹಾಗೆ ಕಪ್ಪು. 'ಹಾಸ್ಟೆಲಿನಾಗೆ ಸ್ನಾನಾನೇ ಮಾಡಿಲ್ಲ ಕೂಸು' ಎಂದು ಕಡಲೆಹಿಟ್ಟು ಹಚ್ಚಿ, ಹೀರೆನಾರಿನಲ್ಲಿ ಒಂದು ವಾರ ಉಜ್ಜಿದಳು. ಚರ್ಮ ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅವರು ಅಂಗಿಯ ಕಾಲರನ್ನು ಸರಿಸಿ ಒಂದೇ ಕ್ಷಣ ನೋಡಿ, 'ಇದು ಕೊಳೆ ಅಲ್ಲ ಅಜ್ಜಿ, ಉಜ್ಜಬೇಡಿ' ಎಂದರು. ಮೈಯಲ್ಲಿ ಇನ್ಸುಲಿನ್ ಇದೆ, ಆದರೆ ಅದರ ಮಾತನ್ನು ಮೈ ಕೇಳುತ್ತಿಲ್ಲ. ಕೇಳಿಸಲಿಕ್ಕೆಂದು ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಆ ಹೆಚ್ಚಳದ ಗುರುತು ಚರ್ಮದಲ್ಲಿ ಹೀಗೆ ಕಾಣುತ್ತದೆ ಎಂದರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲು. ಹೊಟ್ಟೆಯ ಸ್ಕ್ಯಾನಿನಲ್ಲಿ ಯಕೃತ್ತಿಗೆ ಕೊಬ್ಬು. ರಾತ್ರಿ ಗೊರಕೆ ಹೊಡೆಯುತ್ತಾನೆಯೇ ಎಂದು ಕೇಳಿದರು. ಹೊಡೆಯುತ್ತಿದ್ದ. ನಾವು ಅದನ್ನು ಸುಖನಿದ್ದೆ ಎಂದುಕೊಂಡಿದ್ದೆವು. ವಯಸ್ಸು ಹದಿನೇಳು.

ಆಟೋದಲ್ಲಿ ಬರುವಾಗ ಅವನು ಕೇಳಿದ: 'ತಾತ, ನಾ ಏನ್ ತಪ್ಪು ಮಾಡ್ದೆ? ನೀವೆಲ್ಲ ಹೇಳಿದಂಗೇ ಓದಿದ್ನಲ್ಲ?'

ನನ್ನ ಜಗಳವಿರುವುದು ಇಲ್ಲಿ. ಅವನ ಪೆಟ್ಟಿಗೆಯಲ್ಲಿ ಆ ವಸತಿ ಕಾಲೇಜಿನ ವೇಳಾಪಟ್ಟಿ ಇತ್ತು, ಪ್ಲಾಸ್ಟಿಕ್ ಹಾಕಿಸಿದ್ದು. ಬೆಳಿಗ್ಗೆ 5.15ಕ್ಕೆ ಗಂಟೆ. 5.45ರಿಂದ 7.15 ಓದು. ತಿಂಡಿ. 8ರಿಂದ 1 ತರಗತಿ. ಊಟ. 2ರಿಂದ 5 ತರಗತಿ. 5ಕ್ಕೆ ತಿನಿಸು. 5.30ರಿಂದ 8 ಪರೀಕ್ಷೆ. ಊಟ. 9ರಿಂದ 11 ಓದು. ಆಟ ಎಂಬ ಪದ ಒಂದು ಕಡೆ ಇತ್ತು: ಭಾನುವಾರ 4ರಿಂದ 5. ಅದರ ಮುಂದೆ ಒಂದು ನಕ್ಷತ್ರದ ಗುರುತು. ಕೆಳಗೆ ನೋಡಿದರೆ, 'ಪರೀಕ್ಷೆ ಇಲ್ಲದ ವಾರ'. ಕೂಡಿಸಿ ನೋಡಿದೆ. ದಿನಕ್ಕೆ ಹದಿನಾಲ್ಕು ಗಂಟೆ ಕುರ್ಚಿ, ಆರು ಗಂಟೆ ನಿದ್ದೆ. ಜೈಲಿನಲ್ಲಿ ಕೂಡ ಕೈದಿಯನ್ನು ಅಂಗಳಕ್ಕೆ ಬಿಡುತ್ತಾರೆ. ಇದಕ್ಕೆ ನನ್ನ ಮಗ ಕಟ್ಟಿದ ಹಣ ನಾನು ನಿವೃತ್ತಿಯಲ್ಲಿ ತಂದದ್ದರ ಒಂದು ದೊಡ್ಡ ಪಾಲು. ಆದ್ದರಿಂದ ಈ ಬೈಗುಳದಲ್ಲಿ ನನ್ನ ಮನೆಯವರನ್ನೂ ಸೇರಿಸಿಯೇ ಬೈಯುತ್ತಿದ್ದೇನೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಬೆವರು ಬರುವಂತೆ ಓಡಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ವಯಸ್ಸಿಗೆ ನಿದ್ದೆ ಎಂಟು ಗಂಟೆಗೆ ಕಡಿಮೆಯಾಗಬಾರದು ಎನ್ನುತ್ತಾರೆ ನಿದ್ದೆಯ ತಜ್ಞರು. ನಿದ್ದೆಗೆಟ್ಟವನಿಗೆ ಹಸಿವು ಜಾಸ್ತಿ, ಅದೂ ಸಿಹಿ ಮತ್ತು ಕರಿದದ್ದರ ಮೇಲಿನ ಹಸಿವು. ರಾತ್ರಿ ಪಾಳಿ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಹಾಸ್ಟೆಲಿನಲ್ಲಿ ಅದಕ್ಕೆ ಕೊರತೆಯಿರಲಿಲ್ಲ. ಬೆಳಿಗ್ಗೆ ಪೂರಿ ಇಲ್ಲವೆ ಬ್ರೆಡ್ಡು ಜಾಮು, ಮಧ್ಯಾಹ್ನ ಬಿಳಿ ಅನ್ನ ಎಷ್ಟು ಬೇಕಾದರೂ, ಸಂಜೆ ಬೋಂಡ. ಪಲ್ಯ ಸೌಟಿನಲ್ಲಿ ಲೆಕ್ಕ ಹಾಕಿ. 'ಅನ್ಲಿಮಿಟೆಡ್' ಎಂದು ಅವರ ಕರಪತ್ರದಲ್ಲಿ ಅಚ್ಚಾಗಿತ್ತು. ಅನ್ನಕ್ಕೆ ಮಿತಿಯಿಲ್ಲ, ಸೊಪ್ಪಿಗೆ ಮಿತಿ. ಯಾವುದು ಅಗ್ಗವೋ ಅದಕ್ಕೆ ಮಿತಿಯಿಲ್ಲ ಅಂತ ಅರ್ಥ.

ಹೀಗೆ ಎರಡು ವರ್ಷ ಕೂಡಿಹಾಕಿ ಮೇಯಿಸಿದ ಮೇಲೆ ಅದೇ ಹುಡುಗರನ್ನು ಅದೇ ಸಂಸ್ಥೆಗಳವರು ಸಭಾಂಗಣದಲ್ಲಿ ಕೂರಿಸಿ ನಾಲಿಗೆಯ ಮೇಲೆ ಹಿಡಿತವಿಲ್ಲ ಎನ್ನುತ್ತಾರೆ.

'ನಿಮ್ಮ ಕಾಲ'ದ ಹಾಡು ಹಾಡುತ್ತಿದ್ದೀಯ ಎನ್ನಬೇಡಿ. ನಮ್ಮ ಕಾಲ ಚೆನ್ನಾಗಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಿರಣಿ ಕೆಲಸಗಾರರ ಮಕ್ಕಳು ಖಾಲಿ ಹೊಟ್ಟೆಯಲ್ಲಿ ಡ್ರಿಲ್ಲಿಗೆ ಬಂದು ತಲೆ ಸುತ್ತಿ ಬೀಳುತ್ತಿದ್ದರು. ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳುವುದನ್ನು ಕಲಿತದ್ದು ಆಗಲೇ. ದುರ್ಗಾಂಬಿಕಾ ಜಾತ್ರೆಯ ಕುಸ್ತಿಯಲ್ಲಿ ಪೈಲ್ವಾನರನ್ನು ನೋಡಿ ಬಂದ ಹುಡುಗರಿಗೆಲ್ಲ ದಪ್ಪಗಾಗಬೇಕೆಂಬುದೇ ಆಸೆ. ತಾಯಂದಿರಿಗೂ ಅಷ್ಟೇ. ಮಗು ದುಂಡಗಿದ್ದರೆ ಮನೆಯಲ್ಲಿ ಹಾಲುಂಟು, ಅನ್ನವುಂಟು ಎಂದು ಊರಿಗೆ ಸಾರಿದ ಹಾಗೆ. ತಲೆಮಾರುಗಟ್ಟಲೆ ಹಸಿದ ಜನ ನಾವು; ಮಗನ ತಟ್ಟೆಗೆ ಮತ್ತೊಂದು ಸೌಟು ಹಾಕುವ ಕೈಯನ್ನು ಬೈಯಲು ನನಗೆ ಬಾಯಿ ಬಾರದು.

ಆದರೆ ಆ ಕೈ ಮಗನ ತಟ್ಟೆಗೆ ಮಾತ್ರ ಹೋಗುತ್ತದಲ್ಲ, ಅದನ್ನು ಬೈಯಬೇಕು. 'ಬೆಳೆಯೋ ಗಂಡುಹುಡುಗ' ಎಂಬುದು ನಮ್ಮ ಮನೆಗಳ ಮಂತ್ರ. ಗಂಡುಹುಡುಗ ಊಟ ಮಾಡಿದ ತಟ್ಟೆಯನ್ನು ಅವನ ತಂಗಿ ಎತ್ತುತ್ತಾಳೆ. ನೀರು ಅವಳು ತರುತ್ತಾಳೆ, ಕಸ ಅವಳು ಹೊಡೆಯುತ್ತಾಳೆ, ಅಂಗಡಿಗೂ ಈಗ ಅವಳೇ. ಅವನಿಗೆ ಓದು. ಕೂತಲ್ಲಿಗೆ ಹಾಲು, ಕೂತಲ್ಲಿಗೆ ಬಿಸ್ಕತ್ತು. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಲೆಕ್ಕದಂತೆ, 2022ರಲ್ಲಿ ನಮ್ಮ ದೇಶದ 5ರಿಂದ 19 ವರ್ಷದವರಲ್ಲಿ ಸುಮಾರು 1 ಕೋಟಿ 25 ಲಕ್ಷ ಮಂದಿಗೆ ಬೊಜ್ಜು. ಅದರಲ್ಲಿ ಹುಡುಗರು 73 ಲಕ್ಷ, ಹುಡುಗಿಯರು 52 ಲಕ್ಷ. 1990ರಲ್ಲಿ ಇಬ್ಬರೂ ಸೇರಿ ಸುಮಾರು 4 ಲಕ್ಷವಿದ್ದರು. ಇತ್ತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, 2019-21ರಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಒಂದೇ ಒಲೆ, ಒಂದೇ ಪಾತ್ರೆ, ಬಡಿಸುವವಳೂ ಒಬ್ಬಳೇ. ಅಣ್ಣನಿಗೆ ಅದು ಬೊಜ್ಜಾಯಿತು, ತಂಗಿಗೆ ಸುಸ್ತಾಯಿತು.

ಬೊಜ್ಜು ಶ್ರೀಮಂತರ ಕಾಯಿಲೆ, ನಮಗೇಕೆ ಎನ್ನುವವರು ಇನ್ನೂ ಇದ್ದಾರೆ. ಅವರು ಒಂದು ದಿನ ಸರ್ಕಾರಿ ಪ್ರೌಢಶಾಲೆಯ ಬಾಗಿಲಲ್ಲಿ ನಿಂತು ನೋಡಬೇಕು. ಬಾಳೆಹಣ್ಣು ಎರಡು ಕೊಳ್ಳುವ ದುಡ್ಡಿಗೆ ಮಸಾಲೆ ಪೊಟ್ಟಣ ಎರಡು ಬರುತ್ತದೆ, ಬಾಯಿಗೂ ಅದೇ ಚಂದ. ಕೂಲಿಗೆ ಹೋಗುವ ತಾಯಿ ಸಂಜೆ ಏಳಕ್ಕೆ ಬರುವವರೆಗೆ ಹುಡುಗನ ಹೊಟ್ಟೆಗೆ ಆ ಪೊಟ್ಟಣವೇ ಗತಿ. ತಂಪು ಪಾನೀಯದಲ್ಲಿ ನೂರು ಮಿಲಿಗೆ ಸುಮಾರು 10 ಗ್ರಾಂ ಸಕ್ಕರೆ. ಒಂದು ಸಣ್ಣ ಬಾಟಲಿಗೇ ಇಡೀ ದಿನದ ಸಕ್ಕರೆ ಮುಗಿಯಿತು. ಅಂದಹಾಗೆ, ನಮ್ಮ ಬೆಣ್ಣೆ ದೋಸೆಯ ಮೇಲೆ ಗೂಬೆ ಕೂರಿಸಲು ಕೆಲವರು ಕಾದಿರುತ್ತಾರೆ. ಬೆಣ್ಣೆ ದೋಸೆ, ಮಂಡಕ್ಕಿ ಮೆಣಸಿನಕಾಯಿ ನಾವೂ ತಿಂದವರೇ. ಆದರೆ ಅದನ್ನು ತಿನ್ನಲು ಮನೆಯಿಂದ ಎದ್ದು, ನಡೆದು, ಬೆಂಚಿಗೆ ಕಾದು ಕೂತು, ದುಡ್ಡು ಎಣಿಸಿ ಕೊಟ್ಟು, ಮತ್ತೆ ನಡೆದು ಬರಬೇಕಿತ್ತು. ಅದು ವಾರಕ್ಕೊಮ್ಮೆಯ ಹಬ್ಬ. ಈಗ ದೋಸೆಯೇ ಸ್ಕೂಟರು ಹತ್ತಿ ಮನೆಗೆ ಬರುತ್ತದೆ. ದೋಸೆಯದೇನು ತಪ್ಪು?

ಇನ್ನೊಂದು ಲೆಕ್ಕ ನನ್ನನ್ನು ನಿಜಕ್ಕೂ ಹೆದರಿಸಿತು. ಕೇಂದ್ರ ಸರ್ಕಾರ 2016-18ರಲ್ಲಿ ಮಕ್ಕಳ ಪೌಷ್ಟಿಕತೆಯ ಸಮಗ್ರ ಸಮೀಕ್ಷೆ ಮಾಡಿಸಿತು. ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ನೂರಕ್ಕೆ 24 ಮಂದಿ ಸೊರಗಿದವರು. ತೂಕ ಹೆಚ್ಚಾದವರು ನೂರಕ್ಕೆ 5. ಅಷ್ಟೇ ತಾನೆ ಎನ್ನಬೇಡಿ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ನೂರಕ್ಕೆ 10. ದಪ್ಪಗಿರುವವರು ಐದು, ಹೊಸ್ತಿಲಲ್ಲಿರುವವರು ಹತ್ತು! ಅಂದರೆ ಕಣ್ಣಿಗೆ ತೆಳ್ಳಗೆ ಕಾಣುವ ಹುಡುಗನೂ ಅಲ್ಲಿದ್ದಾನೆ. ಪುಣೆಯ ಡಾಕ್ಟರ್ ಯಾಜ್ಞಿಕ್ ಎಂಬವರು 2004ರಲ್ಲಿ ಇದೇ ಲ್ಯಾನ್ಸೆಟ್‌ನಲ್ಲಿ ತಮ್ಮ ಮತ್ತು ಲಂಡನ್ನಿನ ತಮ್ಮ ಗೆಳೆಯ ಯೂಡ್ಕಿನ್ ಅವರ ಫೋಟೋ ಅಕ್ಕಪಕ್ಕ ಹಾಕಿದ್ದರು. ಎತ್ತರಕ್ಕೆ ತಕ್ಕ ತೂಕದ ಅಂಕಿ ಇಬ್ಬರದೂ ಒಂದೇ, 22.3. ಮೈಯೊಳಗಿನ ಕೊಬ್ಬು ಮಾತ್ರ ಆ ಬಿಳಿಯರಿಗೆ ನೂರಕ್ಕೆ 9, ನಮ್ಮವರಿಗೆ 21. ನಮ್ಮದು ತೆಳ್ಳಗೆ ಕಾಣುವ ಕೊಬ್ಬಿನ ಮೈ. ಇದರ ಬೇರು ತಾಯಿಯ ಗರ್ಭದಲ್ಲಿದೆ ಎನ್ನುತ್ತಾರೆ. ಅದಕ್ಕೆ ಸಾಕ್ಷಿ ದೂರದಲ್ಲಿಲ್ಲ, ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟಿದ್ದರು. ಆ ಕೂಸುಗಳು ನಡುವಯಸ್ಸಿಗೆ ಬಂದಾಗ ಹುಡುಕಿ ಪರೀಕ್ಷಿಸಿದರೆ, ಹುಟ್ಟುವಾಗ ಸಣ್ಣಗಿದ್ದವರಲ್ಲೇ ಹೃದಯದ ಕಾಯಿಲೆ ಹೆಚ್ಚು. ಹೊಟ್ಟೆಯಲ್ಲಿ ಅರೆಹೊಟ್ಟೆ ಉಂಡು, ಇರುವುದನ್ನು ಕೂಡಿಡುವುದನ್ನು ಕಲಿತು ಬಂದ ಮೈ ಇದು. ಅಜ್ಜಿ ಹಸಿದದ್ದಕ್ಕೆ ಮೊಮ್ಮಗನ ಹೊಟ್ಟೆ ಲೆಕ್ಕ ಇಟ್ಟಿರುತ್ತದೆ. ಇಂಥ ಮೈಯನ್ನು ಹದಿನಾಲ್ಕು ಗಂಟೆ ಕೂರಿಸಿ ಅನ್ಲಿಮಿಟೆಡ್ ಅನ್ನ ಹಾಕಿದರೆ ಇನ್ನೇನಾಗುತ್ತದೆ?

ಮುಂದೆ ಏನಾಗುತ್ತದೆಂದು ಊಹಿಸಬೇಕಾಗಿಲ್ಲ. ನಮ್ಮ ರಾಜ್ಯದ 15ರಿಂದ 49 ವರ್ಷದ ಗಂಡಸರಲ್ಲಿ ತೂಕ ಹೆಚ್ಚಾದವರು 2015-16ರಲ್ಲಿ ನೂರಕ್ಕೆ ಸುಮಾರು 22 ಇದ್ದರು, 2019-21ಕ್ಕೆ ಸುಮಾರು 31. ಐದಾರು ವರ್ಷದಲ್ಲಿ ನೂರಕ್ಕೆ ಒಂಬತ್ತು ಮಂದಿಯ ನಾಲಿಗೆ ಇದ್ದಕ್ಕಿದ್ದಂತೆ ಹಿಡಿತ ತಪ್ಪಿತೇ? ನಾಲಿಗೆ ಅದೇ. ಬದಲಾದದ್ದು ಊರು.

ಊರು ಹೇಗೆ ಬದಲಾಯಿತೆಂದು ಡ್ರಿಲ್ ಮಾಸ್ತರನಿಗೆ ಗೊತ್ತು, ಅವನು ಜಾಗವನ್ನು ಹೆಜ್ಜೆಯಲ್ಲಿ ಅಳೆಯುವವನು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದಿದೆ. ಆ ಕಾಯ್ದೆಯ ಕೈ ಎಂಟನೇ ತರಗತಿಗೇ ನಿಲ್ಲುತ್ತದೆ. ಹುಡುಗನಿಗೆ ಮೀಸೆ ಚಿಗುರುವ ಹೊತ್ತಿಗೆ ಮೈದಾನದ ಹಕ್ಕು ಮುಗಿಯಿತು. ಆಮೇಲೆ ಅವನು ಓದುವುದು ಕೆಳಗೆ ಬಟ್ಟೆ ಅಂಗಡಿ, ಮೇಲೆ ಬ್ಯಾಂಕು, ಅದರ ಮೇಲೆ ಕಾಲೇಜು ಇರುವ ಕಟ್ಟಡದಲ್ಲಿ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡತೊಡಗಿತು. ಅದರಷ್ಟು ಒಳ್ಳೆಯ ವ್ಯಾಯಾಮದ ಯೋಜನೆಯನ್ನು ಯಾವ ಕ್ರೀಡಾ ಇಲಾಖೆಯೂ ಮಾಡಿರಲಿಲ್ಲ. ಕೊರೊನಾ ಬಂದಾಗ ಅದನ್ನು ನಿಲ್ಲಿಸಿದರು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರುವಂತಿಲ್ಲ. ನಮ್ಮ ಬಡಾವಣೆಯ ಶಾಲೆಯ ಗೇಟಿನಿಂದ ಬೇಕರಿಗೆ ಹೆಜ್ಜೆ ಹಾಕಿ ನೋಡಿದೆ. ಮೂವತ್ತೆಂಟು ಹೆಜ್ಜೆ. ನನ್ನ ಹೆಜ್ಜೆ ಮುಕ್ಕಾಲು ಮೀಟರು, ಮೂವತ್ತಮೂರು ವರ್ಷ ಅದೇ ಅಳತೆ. ಬೇಕರಿಯವನು ನನ್ನ ಶಿಷ್ಯನೇ. 'ನಿಯಮ ಗೊತ್ತೇನೋ?' ಎಂದೆ. 'ಯಾವ್ದು ಸಾರ್?' ಎಂದು ಕೇಳಿ ಒಂದು ಪಫ್ಸು ಕೊಟ್ಟ. ತಿಂದೆ. ಚೆನ್ನಾಗಿತ್ತು. ಅವನ ಹೊಟ್ಟೆಪಾಡಿನ ಮೇಲೆ ನನಗೆ ಸಿಟ್ಟಿಲ್ಲ. ನಿಯಮ ಮಾಡಿ ಕಪಾಟಿನಲ್ಲಿಟ್ಟವರ ಮೇಲಿದೆ.

ಮತ್ತೆ ಪಿ.ಟಿ. ಪೀರಿಯಡ್ಡು. ಮಾರ್ಚ್ ಹತ್ತಿರವಾದಂತೆ ಗಣಿತದ ಮಾಸ್ತರು ಬಂದು 'ಒಂದು ಪೀರಿಯಡ್ ಕೊಡಿ ಸಾರ್' ಎನ್ನುತ್ತಿದ್ದರು. ನಾನು ಕೊಡುತ್ತಿದ್ದೆ. ನನಗೂ ನೆರಳಿನಲ್ಲಿ ಕೂರಲು ಸಿಗುತ್ತಿತ್ತಲ್ಲ! ಪರೀಕ್ಷೆಯಲ್ಲಿ ಅಂಕವಿಲ್ಲದ ವಿಷಯದ ಮಾಸ್ತರನಿಗೆ ಶಾಲೆಯಲ್ಲಿರುವ ಬೆಲೆ ಎಷ್ಟೆಂದು ಎಲ್ಲರಿಗೂ ಗೊತ್ತು: ಆಗಸ್ಟ್ ಹದಿನೈದಕ್ಕೆ ಅವನು ಬೇಕು, ಹದಿನಾರಕ್ಕೆ ಬೇಡ.

2025ರ ಫೆಬ್ರವರಿಯಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಬೊಜ್ಜಿನ ಮಾತೆತ್ತಿ, ಅಡುಗೆ ಎಣ್ಣೆಯನ್ನು ನೂರಕ್ಕೆ ಹತ್ತು ಪಾಲು ಕಡಿಮೆ ಮಾಡಿ ಎಂದರು. ಒಳ್ಳೆಯ ಮಾತು. ಆದರೆ ಈ ಮಾತೂ ಬಂದು ನಿಲ್ಲುವುದು ಅಡುಗೆಮನೆಯ ಹೆಂಗಸಿನ ಸೌಟಿನ ಮೇಲೆ. ಪೊಟ್ಟಣದ ಮುಖದ ಮೇಲೆ ಎಚ್ಚರಿಕೆ ಹಾಕಿಸುವ ಕೆಲಸ ಸೌಟಿನಿಂದ ಆಗುವುದಿಲ್ಲ. ಚಿಲಿ ಎಂಬ ದೇಶದಲ್ಲಿ 2016ರಿಂದ ಸಕ್ಕರೆ, ಉಪ್ಪು ಹೆಚ್ಚಿರುವ ಪೊಟ್ಟಣದ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆ ಒತ್ತುತ್ತಾರೆ, ಓದಲು ಬಾರದ ಮಗುವಿಗೂ ಕಾಣುವಂತೆ. ನಮ್ಮಲ್ಲಿ 2022ರಲ್ಲಿ ಬಂದ ಕರಡಿನಲ್ಲಿ ಮುದ್ರೆಯ ಬದಲು ನಕ್ಷತ್ರ ಕೊಡುವ ಯೋಚನೆಯಿತ್ತು. ಕೆಟ್ಟದ್ದಕ್ಕೂ ಅರ್ಧ ನಕ್ಷತ್ರ ಸಿಕ್ಕಿಯೇ ಸಿಗುತ್ತದೆ. ತಂಬಾಕಿನ ಪೊಟ್ಟಣಕ್ಕೆ ಯಾರಾದರೂ ನಕ್ಷತ್ರ ಕೊಡುತ್ತಾರೆಯೇ?

ಇತ್ತ ವಾಸಿ ಮಾಡುವ ಅಂಗಡಿಗಳೂ ಬಾಗಿಲು ತೆರೆದಿವೆ. ಹಳೆಯ ಗರಡಿಯಲ್ಲಿ ಮಣ್ಣಿಗೆ ದುಡ್ಡಿರಲಿಲ್ಲ. ಈಗಿನ ಜಿಮ್ಮಿನಲ್ಲಿ ಹದಿನೇಳರ ಹುಡುಗನಿಗೆ ಮೊದಲ ದಿನವೇ ಡಬ್ಬಿಯಲ್ಲಿ ಪುಡಿ ಮಾರುತ್ತಾರೆ. 2025ರಲ್ಲಿ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕ ಇಳಿಸುವ ಮದ್ದುಗಳೂ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಕಾಯಿಲೆ ಬಿದ್ದವರಿಗೆ ಮದ್ದು ಬೇಕು, ಅದಕ್ಕೆ ನಾನು ಅಡ್ಡ ಬರುವವನಲ್ಲ. ಆದರೆ ಮೈದಾನ ಮಾರಿದ ಊರು ಸೂಜಿ ಕೊಳ್ಳಲು ಸಾಲು ನಿಂತರೆ ನನಗೆ ನಗುವೂ ಬರುವುದಿಲ್ಲ.

ಮೊಮ್ಮಗನನ್ನು ಆ ಹಾಸ್ಟೆಲಿನಿಂದ ಬಿಡಿಸಿದೆವು. ಮನೆಯಲ್ಲಿ ದೊಡ್ಡ ರಂಪವಾಯಿತು. ಸೊಸೆ ಎರಡು ದಿನ ಊಟ ಬಿಟ್ಟಳು. ದ್ವಿತೀಯ ಪಿಯುಸಿಯನ್ನು ಇಲ್ಲಿಯೇ ಒಂದು ಸಾಧಾರಣ ಕಾಲೇಜಿನಲ್ಲಿ ಮುಗಿಸಿದ. ಡಾಕ್ಟರಾಗಲಿಲ್ಲ, ಈಗ ಬಿ.ಎಸ್ಸಿ. ಓದುತ್ತಿದ್ದಾನೆ. ಎಂಟು ಕಿಲೋ ಇಳಿದಿದ್ದಾನೆ, ಎರಡು ಮತ್ತೆ ಏರಿದೆ. ಕುತ್ತಿಗೆಯ ಕಪ್ಪು ಸ್ವಲ್ಪ ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. ತಂಗಿಯ ತಟ್ಟೆಯನ್ನೂ ತನ್ನದರ ಜೊತೆ ತೊಳೆಯುತ್ತಾನೆ, ಗೊಣಗುತ್ತಾ. ಬೆಳಿಗ್ಗೆ ಇಬ್ಬರೂ ಹೈಸ್ಕೂಲ್ ಮೈದಾನಕ್ಕೆ ನಡೆದು ಹೋಗುತ್ತೇವೆ. ರಾಜಕೀಯ ಸಭೆಯೋ ವಸ್ತುಪ್ರದರ್ಶನವೋ ಇದ್ದ ದಿನ ಪೆಂಡಾಲಿನ ಗೂಟಗಳ ನಡುವೆ ದಾರಿ ಹುಡುಕಬೇಕು.

ಸನ್ಮಾನ ಆದ ವಾರದಲ್ಲೇ ಆ ಸಂಸ್ಥೆಗೆ ನಾನೊಂದು ಕಾಗದ ಬರೆದೆ. ನಿಮ್ಮ ಸಭಾಂಗಣದ ಹಿಂದೆ ಇನ್ನೂ ಅರ್ಧ ಎಕರೆ ಖಾಲಿ ಇದೆ, ಅಧ್ಯಾಪಕರ ಕಾರುಗಳು ಸಂಜೆ 5ಕ್ಕೆ ಹೋದ ಮೇಲೆ ಗೇಟು ತೆರೆದಿಡಿ, ಹುಡುಗರನ್ನು ಆರೂವರೆವರೆಗೆ ನಾನು ನೋಡಿಕೊಳ್ಳುತ್ತೇನೆ, ಸಂಬಳ ಬೇಡ, ಯಾರ ಮೈಯನ್ನೂ ನೋಡಿ ಹೆಸರಿಡುವುದಿಲ್ಲ, ಯಾರಾದರೂ ಮೊಣಕಾಲು ನೋವೆಂದರೆ ಓಡಿಸುವುದಿಲ್ಲ ಎಂದು. ಮೂರು ವಾರದ ಮೇಲೆ ಫೋನು ಬಂತು. ತಾತ್ವಿಕವಾಗಿ ಒಪ್ಪಿಗೆಯಿದೆ, ಆದರೆ ವಿಮೆಯ ಪ್ರಶ್ನೆ, ಕಾವಲುಗಾರನ ಪ್ರಶ್ನೆ, ಪರೀಕ್ಷೆ ಮುಗಿಯಲಿ ನೋಡೋಣ ಎಂದರು. ಪರೀಕ್ಷೆ ಮುಗಿಯಿತು. ನಾನು ನಿನ್ನೆ ಹೋಗಿ ನೋಡಿ ಬಂದೆ. ಗೇಟಿಗೆ ಬೀಗವಿತ್ತು. ಒಳಗೆ ಹುಲ್ಲು ಮೊಣಕಾಲೆತ್ತರ ಬೆಳೆದಿದೆ. ಕಾವಲುಗಾರ ನನ್ನ ಹಳೆಯ ಕಬಡ್ಡಿ ತಂಡದವನು. ಬೀಗದ ಕೈ ಆಫೀಸಿನಲ್ಲಿದೆ ಸಾರ್, ಸೋಮವಾರ ಬನ್ನಿ ಎಂದ.

ಸೀಟಿಯನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ. ಒಳಗಿನ ಬಿರಡೆಯ ಗುಂಡು ಸವೆದಿದೆ, ಆದರೂ ಊದುತ್ತದೆ.